ಭಯಕ್ಕೆ ಪುರಾವೆ

ಮಗಳೇ,

ಇಂದು ಮನೋವೈದ್ಯೆಯ ಬಳಿ ಹೋಗಿದ್ದೆ. ನಿನ್ನ ಅಮ್ಮನ ಒತ್ತಾಯ. ಆತಂಕದ ಮಟ್ಟ ಅಳೆಯುವ ಪ್ರಶ್ನಾವಳಿಯೊಂದನ್ನು ಕೊಟ್ಟರು. "ಕಾರಣವಿಲ್ಲದೆ ಚಿಂತಿಸುತ್ತೀರಾ?" ಎಂಬುದಕ್ಕೆ, ಕಾರಣವಿಲ್ಲದೆ ಕಾರ್ಯವಿಲ್ಲವೆಂದು ಹಾಳೆಯ ಅಂಚಿನಲ್ಲಿ ಮೂರು ವಾದ ಮಂಡಿಸಿದೆ.

"ಸರ್, ಇದು ಚರ್ಚಾಸ್ಪರ್ಧೆ ಅಲ್ಲ. ಹೌದು ಅಥವಾ ಇಲ್ಲ ಅಂದ್ರೆ ಸಾಕು," ಎಂದರು ವೈದ್ಯೆ.

"ಇವ್ರು ಗೆಲ್ಲೋ ತನಕ ಬಿಡಲ್ಲ ಡಾಕ್ಟ್ರೇ, ನೀವೇ ಸೋತುಬಿಡಿ," ಎಂದಳು ನಿನ್ನಮ್ಮ.

"ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುತ್ತೀರಾ?" ಎಂಬುದಕ್ಕೆ ಇಲ್ಲವೆಂದೆ. ನಿನ್ನಮ್ಮ ಕೆಮ್ಮಿದಳು. ನೀನು ತೀರಿಕೊಂಡ ಮೇಲೆ ನಿನ್ನ ಆ ಕೆಲಸ ನನ್ನದು. ನೀನು ಬೀಗ ಎಳೆಯುತ್ತಿದ್ದಾಗಲೆಲ್ಲ "ಭಯಕ್ಕೆ ಪುರಾವೆ ಕೊಡು" ಎಂದು ನಿನ್ನನ್ನು ಸೋಲಿಸುತ್ತಿದ್ದೆ. ಆಮೇಲೆ ನೀನು ನಿನ್ನ ಭಯವನ್ನು ಹೇಳುವುದನ್ನೇ ಬಿಟ್ಟೆ, ನಾನು ಗೆದ್ದೆನೆಂದುಕೊಂಡೆ.

ಕೊನೆಯ ಪ್ರಶ್ನೆ: "ನಿಮ್ಮ ಚಿಂತೆಯನ್ನು ಯಾರಿಗಾದರೂ ಹೇಳುತ್ತೀರಾ?"

ವಾದಿಸದೆ "ಹೌದು" ಎಂದು ಗುರುತು ಹಾಕಿದೆ. ಅದು ಸುಳ್ಳಾಗಬಾರದೆಂದು ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.