ಪೆಟ್ಟಿಗೆಗೆ ಸುತ್ತಿದ ಗೋಣಿತಟ್ಟು

ಕೊಪ್ಪಳದ ಗಾಳಿ ಪರೀಕ್ಷೆಯ ಸಾಹೇಬರಿಗೆ ಗಂಗಾ ಮಾಡುವ ನಮಸ್ಕಾರಗಳು.

ನಮ್ಮ ಮಾಳಿಗೆಯ ಮೇಲೆ ನೀವು ಇಟ್ಟಿರುವ ಧೂಳು ಅಳೆಯುವ ಪೆಟ್ಟಿಗೆ ಈ ತಿಂಗಳು ತೋರಿಸಿದ ಅಂಕಿಗಳನ್ನು ದಯವಿಟ್ಟು ಹೊಡೆದುಹಾಕಿರಿ. ತಪ್ಪು ನಮ್ಮದು. ನನ್ನ ಅವ್ವ ಹಂಪವ್ವ ಕೆಮ್ಮುತ್ತಲೇ ದಿನಾ ಮಾಳಿಗೆ ಹತ್ತಿ, ನೀರಿನ ಕೊಡಕ್ಕೆ ಸುತ್ತುವ ಹಾಗೆ ಅದಕ್ಕೂ ಹಸಿ ಗೋಣಿತಟ್ಟು ಸುತ್ತುತ್ತಿದ್ದಳು. ಕೇಳಿದರೆ, "ಮನಶಾರಿಗೇ ಈ ಬಿಸಲ ತಡಿಯಾಕ ಆಗವಲ್ದು. ಪಾಪ, ಅದಕ್ಕ ಹೆಂಗ ಆಗತೈತವಾ?" ಅಂದಳು.

ತೇವ ಹೆಚ್ಚಾದರೆ ಧೂಳಿನ ಕಣಗಳು ನೀರು ಕುಡಿದು ಉಬ್ಬುತ್ತವೆ, ಪೆಟ್ಟಿಗೆ ಅದನ್ನೇ ಹೆಚ್ಚು ಧೂಳೆಂದು ತಿಳಿಯುತ್ತದೆ ಎಂದು ನೀವೇ ಮೊದಲ ದಿನ ಹೇಳಿದ್ದಿರಿ. ಆ ಅಂಕಿಗಳನ್ನು ಹಿಡಿದೇ ನಮ್ಮ ಊರವರು ಕಾರ್ಖಾನೆಯ ಹೊಗೆಯ ಮೇಲೆ ಅರ್ಜಿ ಕೊಟ್ಟಿದ್ದಾರೆ. ನನ್ನ ಸಹಿಯೂ ಇದೆ. ಈ ಪತ್ರ ಬರೆದದ್ದು ಗೊತ್ತಾದರೆ ಅವರು ನನ್ನನ್ನು ಮಾತಾಡಿಸಲಿಕ್ಕಿಲ್ಲ. ಆದರೂ ತಪ್ಪು ಅಂಕಿಯ ಮೇಲೆ ಆ ಅರ್ಜಿ ನಿಲ್ಲುವುದು ಬೇಡ.

ಸೋಮವಾರ ತಟ್ಟು ತೆಗೆದೆ. ಅಂಕಿ ಇಳಿಯಿತು. ಅವ್ವನ ಕೆಮ್ಮು ಇಳಿಯಲಿಲ್ಲ.

ಹೊಸ ಅಂಕಿ ಬರೆದುಕೊಳ್ಳಲು ಬಂದಾಗ, ಮಾಳಿಗೆಯ ಕೆಲಸ ಮುಗಿಸಿ ಕೆಳಗೆ ಅವಳ ಹತ್ತಿರವೂ ಒಂದು ಗಳಿಗೆ ಕೂತು ಹೋಗಿರಿ.

ಇಂತಿ,
ಗಂಗಾ