ಮೂಳೆಯ ಕೆಳಗಿನ ಪೊಳ್ಳು

ಮಾವನಿಗೆ ನಮಸ್ಕಾರ.

ನಿಮ್ಮ ಕಾಲು ಮತ್ತೆ ಬಾಗಿದ್ದಕ್ಕೆ ನೀವು ಕಾರಣರಲ್ಲ. ಹೋದ ತಿಂಗಳು ಅತ್ತೆಯ ಎದುರಿಗೇ "ಬೇಡ ಅಂದ್ರೂ ಕಾಲೂರಿದ್ದೀರಿ" ಎಂದು ಗದರಿಸಿದೆ. ನೀವು ತಲೆ ತಗ್ಗಿಸಿ, "ನಿದ್ದೆಗಣ್ಣಲ್ಲಿ ಊರಿದ್ನೋ ಏನೋ" ಅಂದಿರಿ. ತಪ್ಪು ನನ್ನದೆಂದು ನನಗೆ ಆಗಲೇ ಗೊತ್ತಿತ್ತು.

ಮೊದಲ ಸಲ ಮೊಣಕಾಲಿನ ಕೆಳಗೆ, ಮೈಭಾರ ಹೊರುವ ಮೂಳೆಯ ತಲೆ ಕುಸಿದಿತ್ತು. ಅದನ್ನು ಮೇಲೆತ್ತಿ ಪ್ಲೇಟು, ಸ್ಕ್ರೂ ಹಾಕಿದೆ. ಎತ್ತಿದ ಮೇಲೆ ಕೆಳಗೆ ಉಳಿದ ಪೊಳ್ಳಿಗೆ ಸೊಂಟದಿಂದ ಮೂಳೆಚೂರು ತೆಗೆದು ತುಂಬಬೇಕಿತ್ತು. ಎಕ್ಸ್‌ರೇಯಲ್ಲಿ ಎಲ್ಲ ಸಮವಾಗಿ ಕಂಡಿತು, ಬಿಟ್ಟುಬಿಟ್ಟೆ. ಆಪರೇಷನ್ನಿಗೆ ಮುಂಚೆ ನೀವೇ ಕೇಳಿದ್ದಿರಿ: "ಹಲಗೆ ಎತ್ತಿದ ಮೇಲೆ ಕೆಳಗೆ ಏನಾದ್ರೂ ಆಧಾರ ಕೊಡ್ತೀಯಲ್ಲಪ್ಪ? ಬರೀ ಸ್ಕ್ರೂ ನಂಬಬೇಡ." ಬಡಗಿಗೆ ಮೂಳೆಯ ವಿಷಯ ಏನು ಗೊತ್ತು ಎಂದು ನಕ್ಕಿದ್ದೆ.

ಗುರುವಾರ ಬೆಳಿಗ್ಗೆ ಏನೂ ತಿನ್ನದೆ ಬನ್ನಿ. ಹಳೆಯ ಎಕ್ಸ್‌ರೇಗಳನ್ನೆಲ್ಲ ತನ್ನಿ. ಈ ಸಲ ಆಪರೇಷನ್ ಮಾಡುವವರು ನಮ್ಮ ಹಿರಿಯ ಡಾಕ್ಟರಮ್ಮ. ಅವರಿಗೆ ಎಲ್ಲ ಹೇಳಿದ್ದೇನೆ.

ಅತ್ತೆ ಇನ್ನೂ ನಿಮ್ಮ ಜೊತೆ ಮಾತು ಬಿಟ್ಟಿದ್ದಾರಂತೆ. ಈ ಕಾಗದವನ್ನು ಅವರ ಕೈಗೇ ಕೊಡಿ. ನೀವು ಓದಿ ಹೇಳಬೇಡಿ. ನನ್ನ ಅರ್ಧ ತಪ್ಪನ್ನು ನುಂಗಿಬಿಡುತ್ತೀರಿ.

ನಿಮ್ಮ ಅಕ್ಕನ ಮಗ