ಬೇಸಿಗೆಯಲ್ಲಿ ಮೀನು ಎಣಿಸಿದವರಿಗೆ

ಮಾನ್ಯ ಜಲಮೂಲ ಸಮೀಕ್ಷಾಧಿಕಾರಿಗಳೇ,

ನಮ್ಮ ಬೀದಿಯ ಕೊನೆಯ ಮಳೆಗುಂಡಿಯಲ್ಲಿ ‘ಯಾವುದೇ ಜೀವಿಗಳು ಕಂಡುಬಂದಿಲ್ಲ’ ಎಂದು ತಾವು ಬರೆದ ಒಂದೇ ಸಾಲನ್ನು ನಂಬಿ, ಬರುವ ಸೋಮವಾರ ಅದಕ್ಕೆ ಕಾಂಕ್ರೀಟು ಸುರಿದು ವಾಹನ ನಿಲ್ಲಿಸುವ ಜಾಗ ಮಾಡಲು ಹೊರಟಿದ್ದಾರೆ. ಆ ಸಾಲು ತಪ್ಪು. ತಿಳಿಯದೆ ಮಾಡಿದ ತಪ್ಪಾಗಿದ್ದರೆ ಸುಮ್ಮನಿರುತ್ತಿದ್ದೆ. ಸೋಮಾರಿತನದಿಂದ ಹುಟ್ಟಿದ ತಪ್ಪಾದ್ದರಿಂದ ನಾಲ್ಕು ಜನರಿಗೆ ಕೇಳುವಂತೆ ಬರೆಯುತ್ತಿದ್ದೇನೆ.

ತಮ್ಮ ಕಚೇರಿಯ ಪದ್ಧತಿಗೆ ಕೈ ಮುಗಿಯಬೇಕು. ನೀರಿನ ಸಮೀಕ್ಷೆಯನ್ನು ನೀರಿಲ್ಲದ ತಿಂಗಳಲ್ಲಿ ಮಾಡುತ್ತೀರಿ! ಕಾರಣವನ್ನು ತಮ್ಮ ಜೀಪಿನ ಚಾಲಕರೇ ನನ್ನ ಕನ್ನಡಕದ ಅಂಗಡಿಯಲ್ಲಿ ಕೂತು ಹೇಳಿದರು: “ಮಳೆಗಾಲದಲ್ಲಿ ಬಂದ್ರೆ ಗಾಡಿ ಹೂತ್ಕೊಳ್ಳುತ್ತೆ, ಸಾಹೇಬ್ರ ಬೂಟು ಕೆಸರಾಗುತ್ತೆ. ಅದಕ್ಕೇ ಎಲ್ಲ ಗುಂಡಿನೂ ಬೇಸಿಗೇಲೇ ಮುಗಿಸಿಬಿಡ್ತೀವಿ.” ಭಾನುವಾರ ಶಾಲೆಯ ಬೀಗ ನೋಡಿ ‘ಈ ಊರಿನಲ್ಲಿ ಮಕ್ಕಳೇ ಇಲ್ಲ’ ಎಂದು ಬರೆದುಕೊಂಡು ಹೋಗುವವರನ್ನು ಏನೆಂದು ಕರೆಯಬೇಕು? ತಾವೇ ಹೇಳಿ, ನನ್ನ ಬಾಯಿ ಸ್ವಲ್ಪ ಖಾರ.

ಆ ಗುಂಡಿಯಲ್ಲಿ ಬೆರಳುದ್ದದ ಒಂದು ಮೀನಿದೆ. ನೀರು ಮೂರ್ನಾಲ್ಕು ತಿಂಗಳಿಗಿಂತ ಹೆಚ್ಚು ನಿಲ್ಲುವುದಿಲ್ಲವೆಂದು ಅದರ ವಂಶ ಯಾವ ಕಾಲಕ್ಕೋ ಕಲಿತುಬಿಟ್ಟಿದೆ. ಮಳೆ ಬಿದ್ದೊಡನೆ ಹುಟ್ಟುತ್ತದೆ, ಕೆಲವೇ ವಾರಗಳಲ್ಲಿ ಬೆಳೆದು ಕೆಸರಿನೊಳಗೆ ಮೊಟ್ಟೆಯಿಡುತ್ತದೆ, ನೀರು ಬತ್ತುವಾಗ ಸಾಯುತ್ತದೆ. ಮೊಟ್ಟೆಗಳು ಮಾತ್ರ ಒಣಗಿ ಬಿರುಕುಬಿಟ್ಟ ಮಣ್ಣಿನಲ್ಲಿ ಎಂಟೊಂಬತ್ತು ತಿಂಗಳು ಉಸಿರು ಬಿಗಿಹಿಡಿದು ಕೂತಿರುತ್ತವೆ. ಮೊದಲ ಮಳೆಗೇ ಎಲ್ಲವೂ ಒಡೆಯುವುದೂ ಇಲ್ಲ. ಆ ಮಳೆ ಕೈಕೊಟ್ಟರೆ ಎಂದು ಕೆಲವು ಎರಡನೆಯ ಮಳೆಗೆ, ಕೆಲವು ಮರುವರ್ಷಕ್ಕೆ ಉಳಿದುಕೊಳ್ಳುತ್ತವೆ. ಸಾಸಿವೆ ಕಾಳಿನಷ್ಟು ಗಾತ್ರದ ಮೊಟ್ಟೆಗಿರುವ ಮುಂದಾಲೋಚನೆ ನಾಲ್ಕು ಮಹಡಿಯ ಕಚೇರಿಗೆ ಇಲ್ಲವಲ್ಲ ಎಂದು ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ತಾವು ಬಂದ ದಿನ ಗುಂಡಿಯ ದಂಡೆಯಲ್ಲಿ ತಮ್ಮನ್ನು ತಡೆದು ನಿಲ್ಲಿಸಿದ ಮುದುಕಿ ನನ್ನ ಅತ್ತೆ. ಶಾಲೆಯಲ್ಲಿ ಕಸ ಗುಡಿಸಿ ನಿವೃತ್ತರಾದವರು. ನಲವತ್ತು ಮಳೆಗಾಲಗಳಿಂದ ಆ ಮೀನು ಬರುವುದನ್ನೂ ಹೋಗುವುದನ್ನೂ ನೋಡುತ್ತ ಬಂದವರು. “ಕೆಳಗೆ ಮೊಟ್ಟೆ ಇದಾವೆ ಸ್ವಾಮಿ, ಮಳೆ ಬಂದ ಮೇಲೆ ಬನ್ನಿ” ಎಂದರಂತೆ. “ಅಮ್ಮಾ, ನೀರೇ ಇಲ್ಲ, ಮೀನೆಲ್ಲಿಂದ ತರ್ಲಿ?” ಎಂದು ತಾವು ನಕ್ಕಿರಂತೆ. ಆ ಮೊಟ್ಟೆಗಳ ನೆತ್ತಿಯ ಮೇಲೆ ಬೂಟು ಊರಿಕೊಂಡೇ ನಕ್ಕಿರಂತೆ. ಅತ್ತೆ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ, “ಮಲಗಿರೋರನ್ನ ಸತ್ತೋರು ಅಂತ ಬರ್ಕೊಂಡು ಹೋದ್ನಲ್ಲೇ ಪುಣ್ಯಾತ್ಮ!” ಎಂದು ಕೂಗಾಡಿದರು.

ಆಕ್ಷೇಪಣೆ ಹಿಡಿದು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟರು. “ನಮೂನೇಲಿ ‘ಇದೆ’, ‘ಇಲ್ಲ’ ಅಂತ ಎರಡೇ ಕಾಲಂ ಮೇಡಂ. ಕಾಯ್ತಾ ಇದೆ ಅಂತ ಬರೆಯೋಕೆ ಜಾಗ ಇಲ್ಲ” ಎಂದರು. ಅರ್ಜಿಗೆ ಮೊಹರು ಹಾಕಿ, ತೊಂಬತ್ತು ದಿನಗಳೊಳಗೆ ಉತ್ತರ ಬರುತ್ತದೆಂದು ಭರವಸೆ ಕೊಟ್ಟರು. ಕಾಂಕ್ರೀಟಿನವರು ಅಷ್ಟು ದಿನ ಕಾಯುತ್ತಾರೆಯೇ ಎಂದು ಕೇಳಿದೆ. ಅದು ಬೇರೆ ಶಾಖೆಯಂತೆ.

ಹಾಗಾಗಿ ಗುಂಡಿಯಿಂದ ಎರಡು ಬೊಗಸೆ ಒಣಮಣ್ಣು ತಂದು, ಕನ್ನಡಕದ ಗಾಜು ನೋಡುವ ಭೂತಗನ್ನಡಿಯಲ್ಲಿ ನೋಡಿದೆ. ಮೊಟ್ಟೆಗಳು ಮಿನುಗುತ್ತಿದ್ದವು. ಟಬ್ಬಿಗೆ ಮಣ್ಣು ಹಾಕಿ ನೀರು ಸುರಿದೆ. ಮಾರನೆಯ ಬೆಳಗ್ಗೆ ಎಳೆ ದಾರದ ತುಂಡುಗಳಂಥ ಹನ್ನೊಂದು ಮರಿಗಳು ಓಡಾಡುತ್ತಿದ್ದವು. ಅತ್ತೆ ಮೂರು ಸಲ ಎಣಿಸಿದರು. ನನಗೆ ಅಳು ಬಂತು, ಹೇಳಲು ನಾಚಿಕೆಯೇನಿಲ್ಲ. ತಾವು ‘ಇಲ್ಲ’ ಎಂದು ಬರೆದವುಗಳು ಹಸಿದಿದ್ದವು.

ಈಗ ನನ್ನ ಬೇಡಿಕೆ ಕೇಳಿ. ತಮ್ಮ ಆ ಒಂದು ಸಾಲನ್ನು ಹಿಂತೆಗೆದುಕೊಂಡು ಕಾಂಕ್ರೀಟನ್ನು ಸೋಮವಾರದೊಳಗೆ ತಡೆಯಿರಿ. ಮಳೆ ಬಿದ್ದು ಮೂರು ವಾರವಾದ ಮೇಲೆ ಬೂಟು ಕಳಚಿ, ಪ್ಯಾಂಟು ಮಡಚಿಕೊಂಡು ಬಂದು ಗುಂಡಿಗೆ ಇಳಿಯಿರಿ. ಆಮೇಲೆ ವರದಿ ಬರೆಯಿರಿ. ಇಷ್ಟು ಮಾಡಲು ತಮಗೆ ಯಾವ ಶಾಖೆಯ ಅನುಮತಿಯೂ ಬೇಕಾಗಿಲ್ಲ, ಒಂದಿಷ್ಟು ಮಾನ ಬೇಕು. ತಡಮಾಡಬೇಡಿ, ಏಕೆಂದರೆ ಈ ಮೀನಿನ ಆಯಸ್ಸು ಹೆಚ್ಚೆಂದರೆ ಮೂರು ತಿಂಗಳು. ತಮ್ಮ ಉತ್ತರ ನನ್ನ ಕೈ ಸೇರುವಷ್ಟರಲ್ಲಿ ಈ ಹನ್ನೊಂದೂ ಬೆಳೆದು, ಟಬ್ಬಿನ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಸತ್ತಿರುತ್ತವೆ. ಆ ಮಣ್ಣನ್ನು ವಾಪಸು ಹಾಕಲು ನನಗೊಂದು ಗುಂಡಿ ಬೇಕು.

ಇಂತಿ,
ಬೀದಿಯ ಕೊನೆಯ ಕನ್ನಡಕದ ಅಂಗಡಿಯವಳು,
ಸದ್ಯಕ್ಕೆ ತಮ್ಮ ಇಲಾಖೆಯ ಕೆಲಸವನ್ನು ಟಬ್ಬಿನಲ್ಲಿ ಮಾಡುತ್ತಿರುವವಳು